ಒಂದೇ ಸೂರಿನಡಿ ಎರಡು ಬೆಕ್ಕು: ಜಗಳ ತಣಿಸಲು ಯಾವ ದಾರಿ ಹಿಡಿಯಬೇಕು?

ಮನೆಯ ಎರಡು ಬೆಕ್ಕುಗಳು ಎಣ್ಣೆ ಸೀಗೆಕಾಯಿಯಂತಾದಾಗ ಸಲಹೆ ಕೊಡುವವರಿಗೆ ಬರವಿಲ್ಲ. ಹೊಡೆದಾಡಿಕೊಂಡು ತಾವೇ ಸರಿಹೋಗುತ್ತವೆ, ಬಿಡಿ ಎನ್ನುತ್ತಾರೆ ಒಬ್ಬರು. ತಿಂಗಳುಗಟ್ಟಲೆ ಬೇರೆ ಬೇರೆ ಕೋಣೆಯಲ್ಲಿಡಿ ಎನ್ನುತ್ತಾರೆ ಇನ್ನೊಬ್ಬರು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಫೆರೊಮೋನ್ (ಬೆಕ್ಕುಗಳು ಒಂದಕ್ಕೊಂದು ಸುಳಿವು ಕೊಡಲು ಮೈಯಿಂದ ಸೂಸುವ ರಾಸಾಯನಿಕದ ನಕಲು) ತನ್ನಿ, ಮಾತ್ರೆ ಕೊಡಿಸಿ, ಒಂದನ್ನು ಯಾರಿಗಾದರೂ ಕೊಟ್ಟುಬಿಡಿ ಎಂಬ ಮಾತುಗಳೂ ಕೇಳಿಬರುತ್ತವೆ. ನನಗೆ ಬರೆದು ಕೇಳುವವರೆಲ್ಲ ಈ ಕವಲುದಾರಿಯಲ್ಲಿ ನಿಂತು ನಿದ್ದೆಗೆಟ್ಟವರು. ನಾನೂ ಅಲ್ಲಿ ನಿಂತವಳೇ.

ನಮ್ಮ ಬೆಳ್ಳಿಗೆ ಆಗ ಆರು ವರ್ಷ, ಚುಕ್ಕಿಗೆ ಮೂರು. ಒಂದು ಸಂಜೆ ಹಲ್ಲಿನ ಚಿಕಿತ್ಸೆ ಮುಗಿಸಿಕೊಂಡು ಬೆಳ್ಳಿಯನ್ನು ಮನೆಗೆ ತಂದು, ಬುಟ್ಟಿಯ ಬಾಗಿಲನ್ನು ನಡುಮನೆಯಲ್ಲೇ ತೆರೆದೆ. ಎರಡು ವರ್ಷ ಅದರ ಬೆನ್ನಿಗೆ ಬೆನ್ನು ತಾಗಿಸಿ ಮಲಗಿದ್ದ ಚುಕ್ಕಿ ಹತ್ತಿರ ಬಂದು ಮೂಸಿತು. ಔಷಧಿಯ, ಅಪರಿಚಿತ ಕೈಗಳ, ಬೇರೆ ಪ್ರಾಣಿಗಳ ವಾಸನೆ. ಚುಕ್ಕಿಯ ಕಿವಿಗಳು ತಲೆಗೆ ಅಂಟಿಕೊಂಡವು, ಬಾಲ ಪೊರಕೆಯಷ್ಟು ದಪ್ಪಗೆ ಉಬ್ಬಿತು. ಮರುಕ್ಷಣ ಎರಡೂ ಒಂದೇ ಉಂಡೆಯಾಗಿ ನೆಲದ ಮೇಲೆ ಉರುಳುತ್ತಿದ್ದವು. ಆ ಸಂಜೆಯಿಂದ ಅವು ಮತ್ತೆ ಒಂದೇ ಕೋಣೆಯಲ್ಲಿ ನೆಮ್ಮದಿಯಾಗಿ ಕಣ್ಣು ಮುಚ್ಚುವುದಕ್ಕೆ ಹನ್ನೊಂದು ವಾರ ಹಿಡಿಯಿತು. ಕೆಳಗಿನದನ್ನು ಬರೆಯುವಾಗ ಆ ಹನ್ನೊಂದು ವಾರಗಳು ನನ್ನ ಕಣ್ಣ ಮುಂದಿವೆ.

ಮೊದಲು ಅಳತೆಗೋಲು

ಯಾವ ದಾರಿ ಒಳ್ಳೆಯದು ಎಂದು ಕೇಳುವ ಮೊದಲು, ಯಾವ ಊರಿಗೆ ಹೋಗಬೇಕು ಎಂದು ತೀರ್ಮಾನಿಸಬೇಕು. ಎರಡು ಬೆಕ್ಕುಗಳು ಒಂದನ್ನೊಂದು ನೆಕ್ಕುತ್ತಾ ತಬ್ಬಿಕೊಂಡು ಮಲಗುವುದೇ ಗುರಿ ಎಂದುಕೊಂಡರೆ ಹೆಚ್ಚಿನವರಿಗೆ ನಿರಾಸೆ ಕಾದಿದೆ. ಬೆಕ್ಕಿನ ಮೂಲ ಆಫ್ರಿಕಾದ ಕಾಡುಬೆಕ್ಕು. ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಬೀದಿಯಲ್ಲಿ ಗುಂಪಾಗಿ ಬದುಕುವ ಬೆಕ್ಕುಗಳೂ ಬಹುಮಟ್ಟಿಗೆ ತಾಯಿ, ಮಗಳು, ಅಕ್ಕತಂಗಿಯರ ಕುಟುಂಬಗಳು. ರಕ್ತಸಂಬಂಧವಿಲ್ಲದ ಎರಡನ್ನು ನಾವು ನಾಲ್ಕು ಗೋಡೆಗಳ ನಡುವೆ ಕೂಡಿಹಾಕಿ ಗೆಳೆತನ ಬೆಳೆಸಿ ಎಂದರೆ ಅದು ನಮ್ಮ ಆಸೆಯೇ ಹೊರತು ಅವುಗಳದ್ದಲ್ಲ. ನಾನು ಇಟ್ಟುಕೊಂಡ ಗುರಿ ಇಷ್ಟೇ: ಎರಡೂ ಅಂಜದೆ ತಿನ್ನಬೇಕು, ಅಂಜದೆ ಮಲಗಬೇಕು, ಅಂಜದೆ ಲಿಟರ್ ಬಾಕ್ಸಿಗೆ, ಅಂದರೆ ಮಲಮೂತ್ರಕ್ಕೆಂದು ಮರಳು ತುಂಬಿಟ್ಟ ಪೆಟ್ಟಿಗೆಗೆ, ಹೋಗಿಬರಬೇಕು. ಅದಕ್ಕಿಂತ ಹೆಚ್ಚಿನದು ಬಂದರೆ ಬರಲಿ.

ಈ ಗುರಿಯನ್ನು ಮುಂದಿಟ್ಟುಕೊಂಡು ಪ್ರತಿಯೊಂದು ದಾರಿಯನ್ನೂ ನಾನು ಐದು ಪ್ರಶ್ನೆಗಳಿಂದ ತೂಗುತ್ತೇನೆ. ಇದರಿಂದ ಬೆಕ್ಕಿಗೋ ನಮಗೋ ಗಾಯವಾಗುವ ಸಂಭವ ಎಷ್ಟು? ಜಗಳದ ಬೇರಿಗೆ ಇದು ತಲುಪುತ್ತದೆಯೇ, ಅಥವಾ ಮೇಲಿನ ಎಲೆಯನ್ನು ಮಾತ್ರ ಕತ್ತರಿಸುತ್ತದೆಯೇ? ಎಷ್ಟು ದಿನ ಹಿಡಿಯುತ್ತದೆ? ದಿನಕ್ಕೆ ನಮ್ಮ ಎಷ್ಟು ಹೊತ್ತನ್ನು, ಮನೆಯ ಎಷ್ಟು ಜಾಗವನ್ನು, ಕೈಯ ಎಷ್ಟು ಹಣವನ್ನು ಕೇಳುತ್ತದೆ? ತಪ್ಪಿದರೆ ಹಿಂದಕ್ಕೆ ಬರಲು ಸಾಧ್ಯವೇ? ಕೊನೆಯ ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ. ನನ್ನ ಮಟ್ಟಿಗೆ ಅದಕ್ಕೇ ತೂಕ ಹೆಚ್ಚು, ಏಕೆಂದರೆ ಒಂದು ಕೆಟ್ಟ ಕಾಳಗದ ನೆನಪನ್ನು ಬೆಕ್ಕು ತಿಂಗಳುಗಟ್ಟಲೆ ಹೊತ್ತು ತಿರುಗುತ್ತದೆ.

ಇದು ಯಾವ ಬಗೆಯ ಜಗಳ?

ಜಗಳದ ಬಗೆ ಗೊತ್ತಾಗದೆ ಮದ್ದು ಹುಡುಕುವುದು ವ್ಯರ್ಥ. ಮೊದಲನೆಯದಾಗಿ ಅದು ಜಗಳವೇ ಎಂದು ನೋಡಿ. ಆಟದಲ್ಲಿ ಸದ್ದು ಕಡಿಮೆ, ಉಗುರು ಒಳಗಿರುತ್ತದೆ, ಅಟ್ಟಿಸಿಕೊಂಡು ಹೋದದ್ದು ಮರುನಿಮಿಷ ತಾನೇ ಓಡುತ್ತದೆ, ಸರದಿ ಬದಲಾಗುತ್ತದೆ. ನಡುನಡುವೆ ನಿಂತು ಸುಧಾರಿಸಿಕೊಂಡು ಮತ್ತೆ ಶುರುಮಾಡುತ್ತವೆ. ಗುರುಗುಟ್ಟುವುದು, ಬುಸುಗುಟ್ಟುವುದು, ಕಿರುಚುವುದು, ಯಾವಾಗಲೂ ಒಂದೇ ಓಡುವುದು, ಓಡಿದ್ದು ಅಡಗಿಕೊಂಡು ಹೊರಬಾರದಿರುವುದು ಆಟವಲ್ಲ.

ಸದ್ದಿಲ್ಲದ ಜಗಳವೂ ಇದೆ. ಹೆಚ್ಚು ಮನೆಗಳಲ್ಲಿರುವುದು ಅದೇ, ಹೆಚ್ಚಿನವರ ಕಣ್ಣಿಗೆ ಬೀಳದಿರುವುದೂ ಅದೇ. ಒಂದು ಬೆಕ್ಕು ಓಣಿಯಂಥ ಜಾಗದಲ್ಲಿ, ಲಿಟರ್ ಬಾಕ್ಸಿಗೆ ಹೋಗುವ ದಾರಿಯಲ್ಲಿ, ಕಾಲು ಮಡಚಿ ಹಾಯಾಗಿ ಮಲಗಿದಂತೆ ಕಾಣುತ್ತದೆ. ಇನ್ನೊಂದು ಬಾಗಿಲವರೆಗೆ ಬಂದು, ಅದನ್ನು ನೋಡಿ, ಬೇರೆಲ್ಲೋ ನೋಡುವಂತೆ ಮುಖ ತಿರುಗಿಸಿ ಹಿಂದಿರುಗುತ್ತದೆ. ಹೀಗೆ ಮೂರು ಸಲ ಹಿಂದಿರುಗಿದ ಬೆಕ್ಕು ನಾಲ್ಕನೆಯ ಸಲ ಸೋಫಾದ ಹಿಂದೆ ಮೂತ್ರ ಮಾಡಿದರೆ ನಾವು ಬೈಯುವುದು ಅದನ್ನೇ! ದಿಟ್ಟಿಸಿ ನೋಡುವುದು, ದಾರಿ ಕಟ್ಟುವುದು, ಇನ್ನೊಂದು ಮಲಗಿದ್ದ ಜಾಗವನ್ನು ಎಬ್ಬಿಸಿ ಕಸಿದುಕೊಳ್ಳುವುದು ಇವೆಲ್ಲ ದಬ್ಬಾಳಿಕೆಯೇ. ಅಮೆರಿಕದ ಬೆಕ್ಕುವೈದ್ಯರ ಸಂಘವು 2024ರಲ್ಲಿ ಬೆಕ್ಕುಗಳ ನಡುವಿನ ಬಿಗುವಿನ ಬಗ್ಗೆಯೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಕಾಳಗಕ್ಕೆ ಮೊದಲಿನ ಇಂಥ ಮೌನದ ಲಕ್ಷಣಗಳನ್ನು ಗುರುತಿಸುವುದಕ್ಕೆ ಅದರಲ್ಲಿ ದೊಡ್ಡ ಸ್ಥಾನವಿದೆ.

ಇನ್ನುಳಿದ ಬಗೆಗಳು ಬೇಗ ತಿಳಿಯುತ್ತವೆ. ಹೊಸ ಬೆಕ್ಕು ಬಂದದ್ದರಿಂದ ಹುಟ್ಟಿದ ಜಗಳ. ಮರಿಗಳಾಗಿದ್ದಾಗ ಚೆನ್ನಾಗಿದ್ದು, ಎರಡರಿಂದ ನಾಲ್ಕು ವರ್ಷದೊಳಗೆ ಪ್ರೌಢವಾಗುವಾಗ ದೂರವಾಗುವುದು. ಕಿಟಕಿಯಾಚೆ ಹೊರಗಿನ ಬೆಕ್ಕನ್ನು ಕಂಡು ಕೆರಳಿ, ಆ ಸಿಟ್ಟನ್ನು ಪಕ್ಕದಲ್ಲಿದ್ದದ್ದರ ಮೇಲೆ ತೀರಿಸಿಕೊಳ್ಳುವುದು. ಆಸ್ಪತ್ರೆಯಿಂದ ಬಂದದ್ದರ ವಾಸನೆ ಬದಲಾಗಿ ಗುರುತು ತಪ್ಪುವುದು, ನಮ್ಮಲ್ಲಿ ಆದದ್ದು ಇದೇ.

ಯಾವ ಬಗೆಯಾದರೂ ಎರಡು ಕೆಲಸಗಳಿಗೆ ಆಯ್ಕೆಯಿಲ್ಲ. ಒಂದು, ಎರಡನ್ನೂ ಪಶುವೈದ್ಯರಿಗೆ ತೋರಿಸುವುದು. ಹಲ್ಲುನೋವು, ಕೀಲುನೋವು, ವಯಸ್ಸಾದ ಬೆಕ್ಕಿನಲ್ಲಿ ಥೈರಾಯ್ಡ್ ಗ್ರಂಥಿಯ ಅತಿಯಾದ ಕೆಲಸ, ಇವೆಲ್ಲ ಬೆಕ್ಕನ್ನು ಸಿಡುಕಾಗಿಸುತ್ತವೆ, ಮತ್ತು ಬೆಕ್ಕು ನೋವನ್ನು ಮುಚ್ಚಿಡುವುದರಲ್ಲಿ ನಿಪುಣ. ಇನ್ನೊಂದು, ಸಂತಾನಹರಣ ಶಸ್ತ್ರಚಿಕಿತ್ಸೆ. ಅದಾಗದ ಗಂಡು ಬೆಕ್ಕುಗಳಿದ್ದರೆ ಕೆಳಗಿನ ಯಾವ ದಾರಿಯೂ ನೆಟ್ಟಗೆ ಸಾಗುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಹೆಚ್ಚಿನ ಗಂಡುಗಳಲ್ಲಿ ಕಾದಾಟವೂ ಗೋಡೆಗೆ ಮೂತ್ರ ಸಿಂಪಡಿಸುವುದೂ ತಗ್ಗುತ್ತವೆ, ಆದರೆ ಮರುದಿನವೇ ಅಲ್ಲ. ದೇಹದಲ್ಲಿರುವ ಹಾರ್ಮೋನು ಇಳಿಯಲು ಕೆಲವು ವಾರ ಬೇಕು. ಹೊಸ ಬೆಕ್ಕಾಗಿದ್ದರೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಎಫ್‌ಐವಿ ಮತ್ತು ರಕ್ತಕ್ಯಾನ್ಸರ್ ವೈರಸ್ಸಿನ ಪರೀಕ್ಷೆ ಮಾಡಿಸದೆ ಹಳೆಯದರ ಹತ್ತಿರ ಬಿಡಬೇಡಿ. ಎಫ್‌ಐವಿ ಮುಖ್ಯವಾಗಿ ಹರಡುವುದೇ ಆಳವಾದ ಕಡಿತದಿಂದ.

ತಾವೇ ಸರಿಹೋಗಲಿ ಎಂದು ಬಿಡುವುದು

ಖರ್ಚಿಲ್ಲ, ಶ್ರಮವಿಲ್ಲ. ಆದ್ದರಿಂದಲೇ ಎಲ್ಲರೂ ಮೊದಲು ಹಿಡಿಯುವ ದಾರಿ ಇದು. ನಾಯಿಗಳಲ್ಲಿ ಮೇಲು ಕೀಳು ತೀರ್ಮಾನವಾಗುವಂತೆ ಬೆಕ್ಕುಗಳಲ್ಲೂ ಒಂದು ಸೋತು ಒಪ್ಪಿಕೊಳ್ಳುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಬೆಕ್ಕುಗಳಲ್ಲಿ ಅಂಥ ರಾಜಿಯ ಪದ್ಧತಿಯಿಲ್ಲ. ಸೋತದ್ದಕ್ಕೆ ಗೊತ್ತಿರುವುದು ದೂರ ಹೋಗುವುದೊಂದೇ, ಮುಚ್ಚಿದ ಮನೆಯಲ್ಲಿ ದೂರ ಎಂಬುದೇ ಇಲ್ಲ. ಪ್ರತಿ ಕಾಳಗವೂ ಮುಂದಿನ ಕಾಳಗಕ್ಕೆ ಅಭ್ಯಾಸವಾಗುತ್ತದೆ. ಬೆಕ್ಕಿನ ಕೋರೆಹಲ್ಲು ಸೂಜಿಯಂತೆ ಆಳಕ್ಕಿಳಿದು ಮೇಲೆ ಸಣ್ಣ ತೂತನ್ನಷ್ಟೇ ಬಿಡುವುದರಿಂದ ಗಾಯ ಒಳಗೇ ಕೀವುಗಟ್ಟುತ್ತದೆ. ಮೂರು ನಾಲ್ಕು ದಿನದ ಮೇಲೆ ಬಾವು ಕಂಡಾಗಲೇ ನಮಗೆ ತಿಳಿಯುವುದು. ಉಳಿಸಿದೆವೆಂದುಕೊಂಡ ಹಣ ಅಲ್ಲಿ ಹೋಗುತ್ತದೆ.

ಎರಡೂ ಮರಿಗಳಾಗಿದ್ದು, ನೋಡಿದ್ದು ಒರಟು ಆಟವಾಗಿದ್ದರೆ ಮಾತ್ರ ಬಿಡಿ. ಇನ್ನುಳಿದಂತೆ ಈ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ನೀರು ಚಿಮುಕಿಸುವುದು, ಗದರುವುದು ಇನ್ನೂ ಕೆಟ್ಟದ್ದು: ಎದುರಿನ ಬೆಕ್ಕು ಕಂಡಾಗಲೆಲ್ಲ ತನಗೆ ಕೇಡಾಗುತ್ತದೆ ಎಂಬುದೇ ಬೆಕ್ಕು ಅದರಿಂದ ಕಲಿಯುವ ಪಾಠ. ಕಾಳಗ ಹತ್ತಿಕೊಂಡೇಬಿಟ್ಟರೆ ಕೈ ಹಾಕಬೇಡಿ. ದಪ್ಪ ರಟ್ಟನ್ನೋ ದಿಂಬನ್ನೋ ನಡುವೆ ಇಳಿಬಿಡಿ, ಅಥವಾ ಹೊದಿಕೆಯೊಂದನ್ನು ಮೇಲೆ ಎಸೆದು ಬೇರ್ಪಡಿಸಿ. ನಿಮಗೆ ಕಡಿತವಾದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಅದೇ ದಿನ ವೈದ್ಯರನ್ನು ಕಾಣಿ.

ಮನೆಯನ್ನು ಹಂಚಿ ಜೋಡಿಸುವುದು

ನನ್ನ ಲೆಕ್ಕದಲ್ಲಿ ಹಣಕ್ಕೆ ತಕ್ಕ ಫಲ ಅತಿ ಹೆಚ್ಚು ಸಿಗುವುದು ಇಲ್ಲಿ. ಮೌನದ ದಬ್ಬಾಳಿಕೆಗೆ ಬಹಳ ಸಲ ಇದೊಂದೇ ಸಾಕಾಗುತ್ತದೆ. ತತ್ವ ಸರಳ: ಜಗಳ ಬೆಕ್ಕುಗಳ ನಡುವೆ ಇದೆ ಎಂದು ನಮಗೆ ಕಾಣುತ್ತದೆ, ಆದರೆ ಅದು ಇರುವುದು ಒಂದು ಬಟ್ಟಲು, ಒಂದು ಕಿಟಕಿ, ಒಂದು ಓಣಿಯ ಸುತ್ತ.

ಲಿಟರ್ ಬಾಕ್ಸುಗಳು ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಬೇಕು, ಅಂದರೆ ಎರಡಕ್ಕೆ ಮೂರು. ಮೂರನ್ನೂ ಸಾಲಾಗಿ ಒಂದೇ ಮೂಲೆಯಲ್ಲಿಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ. ಒಬ್ಬ ಕಾವಲುಗಾರ ಮೂರನ್ನೂ ಕಾಯಬಲ್ಲ. ಬೇರೆ ಬೇರೆ ಕೋಣೆಗಳಲ್ಲಿ, ಒಳಗೆ ಕುಳಿತ ಬೆಕ್ಕಿಗೆ ಬರುವವರು ಕಾಣುವಂತೆ, ಓಡಲು ಎರಡು ದಿಕ್ಕಿರುವಂತೆ ಇಡಿ. ಮುಚ್ಚಳವಿರುವ ಪೆಟ್ಟಿಗೆ ನಮ್ಮ ಮೂಗಿಗೆ ಹಿತ, ಆದರೆ ಹೆದರಿದ ಬೆಕ್ಕಿಗೆ ಅದು ಬೋನು. ಉದ್ದ ಬೆಕ್ಕಿನ ದೇಹದ ಒಂದೂವರೆ ಪಟ್ಟು ಇರಲಿ. ದಿನವೂ ಶುಚಿ ಮಾಡಿ.

ಊಟದ ಬಟ್ಟಲುಗಳು ಒಂದಕ್ಕೊಂದು ಕಾಣದಂತಿರಲಿ. ಎರಡೂ ಅಕ್ಕಪಕ್ಕ ತಿನ್ನುತ್ತವೆ, ಆದ್ದರಿಂದ ಚೆನ್ನಾಗಿವೆ ಎಂದುಕೊಳ್ಳುವವರಿದ್ದಾರೆ. ಹಸಿವಿಗೆ ಬೇರೆ ದಾರಿಯಿಲ್ಲದೆ ಸಹಿಸಿಕೊಂಡಿರುವುದೂ ಹಾಗೆಯೇ ಕಾಣುತ್ತದೆ. ಬೆಕ್ಕು ಒಂಟಿಯಾಗಿ, ದಿನದಲ್ಲಿ ಹಲವು ಸಲ, ಸ್ವಲ್ಪ ಸ್ವಲ್ಪ ತಿನ್ನುವ ಪ್ರಾಣಿ. ನೀರಿಗೂ ಎರಡು ಮೂರು ಜಾಗ ಮಾಡಿ.

ಇನ್ನು ಎತ್ತರ. ನೆಲದ ಮೇಲೆ ಮನೆ ಚಿಕ್ಕದಾಗಿದ್ದರೂ ಗೋಡೆಯ ಮೇಲೆ ಜಾಗವಿದೆ. ಒಂದು ಗಟ್ಟಿಯಾದ ಅಟ್ಟಣೆ, ಕಪಾಟಿನ ಮೇಲೆ ಹಾಸಿದ ಹಳೆಯ ಟವೆಲು, ಅಲ್ಲಿಗೆ ಹತ್ತಲು ಒಂದು ಸ್ಟೂಲು ಇಷ್ಟರಿಂದಲೇ ಒಂದು ಕೋಣೆ ಎರಡು ಅಂತಸ್ತಾಗುತ್ತದೆ. ಹತ್ತುವ ದಾರಿ ಒಂದು, ಇಳಿಯುವ ದಾರಿ ಇನ್ನೊಂದು ಇರಬೇಕು; ಇಲ್ಲವಾದರೆ ಮೇಲಿರುವುದು ಅಲ್ಲೇ ಸೆರೆಯಾಗುತ್ತದೆ. ನಮ್ಮಲ್ಲಿ ಉದ್ದನೆಯ ಓಣಿಯ ನಡುವೆ ಒಂದು ರಟ್ಟಿನ ಪೆಟ್ಟಿಗೆಯನ್ನು ಎರಡೂ ಬದಿ ತೆರೆದು ಇಟ್ಟೆ. ಚುಕ್ಕಿ ಆಚೆ ತುದಿಯಿಂದ ದಿಟ್ಟಿಸುವ ನೇರ ಗೆರೆ ಅದರಿಂದ ಕಡಿಯಿತು. ಬೆಳ್ಳಿ ಪೆಟ್ಟಿಗೆಯ ಮರೆಯಲ್ಲಿ ಎರಡು ಕ್ಷಣ ನಿಂತು, ಮೀಸೆ ಮುಂದೆ ಚಾಚಿ ಗಾಳಿಯನ್ನು ಮೂಸಿ, ಸರಕ್ಕನೆ ದಾಟಿಹೋಗುವುದನ್ನು ಕಲಿತಿತು. ಖರ್ಚು ಸೊನ್ನೆ.

ಹೊರಗಿನ ಬೆಕ್ಕನ್ನು ಕಂಡು ಕೆರಳುವ ಮನೆಯಲ್ಲಿ ಕಿಟಕಿಯ ಕೆಳಭಾಗಕ್ಕೆ ಮಸುಕು ಕಾಗದ ಅಂಟಿಸುವುದೇ ಅರ್ಧ ಪರಿಹಾರ. ಮೂತ್ರ ಸಿಂಪಡಿಸಿದ ಜಾಗವನ್ನು ಕಿಣ್ವವಿರುವ ದ್ರಾವಣದಿಂದ ತೊಳೆಯಿರಿ. ಅಮೋನಿಯಾ ಇರುವ ಕ್ಲೀನರ್ ಬೇಡ, ಅದರ ವಾಸನೆ ಮೂತ್ರವನ್ನೇ ನೆನಪಿಸಿ ಮತ್ತೆ ಅಲ್ಲಿಗೇ ಕರೆಯುತ್ತದೆ. ದಿನಕ್ಕೆರಡು ಸಲ ಹತ್ತು ಹದಿನೈದು ನಿಮಿಷ, ದಾರ ಕಟ್ಟಿದ ಕೋಲಿನಿಂದ ಒಂದೊಂದನ್ನೂ ಪ್ರತ್ಯೇಕವಾಗಿ ಆಡಿಸಿ. ಬೇಟೆಯ ಹುರುಪು ಖರ್ಚಾದ ಬೆಕ್ಕಿಗೆ ಇನ್ನೊಂದನ್ನು ಬೇಟೆಯಾಡುವ ಉಮೇದು ಕಡಿಮೆ.

ಈ ದಾರಿಯ ಕೊರತೆಯೂ ಸ್ಪಷ್ಟವಾಗಿದೆ. ಈಗಾಗಲೇ ಕಂಡಕೂಡಲೇ ಮೇಲೆ ಬೀಳುವ ಹಂತ ತಲುಪಿದ್ದರೆ ಬಟ್ಟಲು ಬದಲಾಯಿಸಿ ಪ್ರಯೋಜನವಿಲ್ಲ.

ಬೇರ್ಪಡಿಸಿ, ಮತ್ತೆ ಪರಿಚಯ ಮಾಡಿಸುವುದು

ಆ ಹಂತದಲ್ಲಿ ಇದೇ ದಾರಿ. ಹೊಸ ಬೆಕ್ಕು ಬಂದಾಗಲೂ ಮೊದಲ ದಿನದಿಂದಲೇ ಇದು. ಹಣ ಹೆಚ್ಚು ಬೇಡ. ಬೇಕಾಗುವುದು ಬಾಗಿಲಿರುವ ಒಂದು ಕೋಣೆ ಮತ್ತು ತಾಳ್ಮೆ. ಸುರಕ್ಷತೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಯಾವ ಹೆಜ್ಜೆಯಿಂದಲಾದರೂ ಹಿಂದಿನ ಹೆಜ್ಜೆಗೆ ಬರಬಹುದು.

ಒಂದನ್ನು ಅದರ ಊಟ, ನೀರು, ಲಿಟರ್, ಹಾಸಿಗೆ, ಅಡಗುವ ಪೆಟ್ಟಿಗೆಯೊಂದಿಗೆ ಒಂದು ಕೋಣೆಯಲ್ಲಿಡಿ. ಮನೆಯ ಉಳಿದ ಭಾಗ ಇನ್ನೊಂದಕ್ಕೆ. ಹಳೆಯ ಜಗಳವಾಗಿದ್ದರೆ ಕೋಣೆಗೆ ಹೋಗಬೇಕಾದದ್ದು ಸಾಮಾನ್ಯವಾಗಿ ಅಟ್ಟಿಸಿಕೊಂಡು ಬರುವ ಬೆಕ್ಕು; ಹೆದರಿದ್ದಕ್ಕೆ ಮನೆ ಮತ್ತೆ ತನ್ನದೆನಿಸಬೇಕು. ಮೊದಲ ಕೆಲವು ದಿನ ಒಂದನ್ನೊಂದು ನೋಡಲೇಬಾರದು.

ಬೆಕ್ಕಿಗೆ ಮುಖದ ಗುರುತಿಗಿಂತ ವಾಸನೆಯ ಗುರುತು ದೊಡ್ಡದು. ಆದ್ದರಿಂದ ಪರಿಚಯ ಅಲ್ಲಿಂದ ಶುರು. ಶುಭ್ರವಾದ ಬಟ್ಟೆಯ ತುಂಡಿನಿಂದ ಒಂದರ ಕೆನ್ನೆಯನ್ನು ಮೆಲ್ಲಗೆ ಒರೆಸಿ, ಆ ಬಟ್ಟೆಯನ್ನು ಇನ್ನೊಂದರ ಕೋಣೆಯಲ್ಲಿ, ಬಟ್ಟಲಿನಿಂದ ಸ್ವಲ್ಪ ದೂರದಲ್ಲಿಡಿ. ಬೆಕ್ಕು ಕೆನ್ನೆಯನ್ನು ಬಾಗಿಲ ಚೌಕಟ್ಟಿಗೆ, ನಮ್ಮ ಕಾಲಿಗೆ ಉಜ್ಜುವಾಗ ಬಿಡುವುದು ಇದೇ ನೆಮ್ಮದಿಯ ವಾಸನೆ. ಚುಕ್ಕಿ ಮೊದಲ ದಿನ ಬೆಳ್ಳಿಯ ಬಟ್ಟೆಯನ್ನು ಮೂಸಿ, ಬಾಯಿ ಅರೆತೆರೆದು ಮೇಲ್ದುಟಿ ಮಡಚಿ ನಿಂತಿತು. ಅಂಗುಳಿನಲ್ಲಿರುವ ಜೇಕಬ್ಸನ್ ಅಂಗಕ್ಕೆ ವಾಸನೆಯನ್ನು ಒಯ್ಯುವ ಭಂಗಿ ಅದು. ಆಮೇಲೆ ಬುಸುಗುಟ್ಟಿ ಹೋಯಿತು. ಐದನೆಯ ದಿನ ಅದೇ ಬಟ್ಟೆಯ ಪಕ್ಕ ಕುಳಿತು ಮೈ ನೆಕ್ಕಿಕೊಂಡಿತು. ಮುಂದಿನ ಹೆಜ್ಜೆಗೆ ಅನುಮತಿ ಸಿಗುವುದು ಹೀಗೆ.

ನಂತರ ಮುಚ್ಚಿದ ಬಾಗಿಲಿನ ಎರಡೂ ಬದಿ ಊಟ. ಮೊದಲು ಬಾಗಿಲಿನಿಂದ ದೂರ, ದಿನಕ್ಕೊಂದು ಗೇಣು ಹತ್ತಿರ. ಇದರ ಜೊತೆಗೆ ಕೋಣೆಗಳ ಅದಲುಬದಲು, ಅವು ಎದುರಾಗದಂತೆ. ಆಮೇಲೆ ನೋಟ: ಜಾಲರಿಯ ಬಾಗಿಲೋ, ಗಾಜೋ, ಎರಡು ಬೆರಳಷ್ಟು ತೆರೆದು ಭದ್ರಪಡಿಸಿದ ಬಾಗಿಲೋ ನಡುವೆ ಇರಲಿ. ಒಂದೆರಡು ನಿಮಿಷ, ಅತ್ಯಂತ ಇಷ್ಟದ ತಿಂಡಿ, ಮುಗಿಯಿತು. ಕೊನೆಯದಾಗಿ ಒಂದೇ ಕೋಣೆಯಲ್ಲಿ ದೂರದೂರ, ಒಬ್ಬೊಬ್ಬರು ಒಂದೊಂದನ್ನು ಆಡಿಸುತ್ತಾ.

ಯಾವ ಹೆಜ್ಜೆಗೂ ದಿನಗಳ ಲೆಕ್ಕವಿಲ್ಲ, ಲಕ್ಷಣಗಳ ಲೆಕ್ಕ ಮಾತ್ರ. ಎರಡೂ ಮೈ ಸಡಿಲಬಿಟ್ಟು, ತಲೆ ಎತ್ತಿ ಎತ್ತಿ ನೋಡದೆ ತಿನ್ನುತ್ತಿವೆಯೇ? ಮುಂದೆ ಹೋಗಿ. ಒಂದು ತಿನ್ನುವುದನ್ನು ಬಿಟ್ಟು ದಿಟ್ಟಿಸುತ್ತಿದೆಯೇ, ಬಾಲದ ತುದಿ ಮಾತ್ರ ಚಡಪಡಿಸುತ್ತಿದೆಯೇ? ಒಂದು ಹೆಜ್ಜೆ ಹಿಂದೆ. ಒಂದು ಸಲ ಬುಸುಗುಟ್ಟಿದರೆ ಗಾಬರಿ ಬೇಡ. ದೂರವಿರು ಎಂಬ ಮಾತು ಅದು, ಎದುರಿನದು ಕೇಳಿಸಿಕೊಂಡು ಸರಿದರೆ ಅಲ್ಲಿಗೆ ಸರಿಹೋಯಿತು.

ನಾನು ಮಾಡಿದ ದೊಡ್ಡ ತಪ್ಪು ನಾಲ್ಕನೆಯ ವಾರದಲ್ಲಿ. ಜಾಲರಿಯ ಆಚೀಚೆ ಎರಡು ದಿನ ಶಾಂತವಾಗಿ ತಿಂದದ್ದನ್ನು ಕಂಡು ಮೂರನೆಯ ದಿನವೇ ಬಾಗಿಲು ತೆರೆದುಬಿಟ್ಟೆ. ಐದು ನಿಮಿಷದಲ್ಲಿ ಎಲ್ಲವೂ ಮೊದಲಿಗೆ ಬಂತು. ಮತ್ತೆ ಬಟ್ಟೆಯ ತುಂಡಿನಿಂದ ಶುರು ಮಾಡಬೇಕಾಯಿತು. ಕೆಲವು ಜೋಡಿಗಳಿಗೆ ಎರಡು ವಾರ ಸಾಕು, ಕೆಲವಕ್ಕೆ ತಿಂಗಳುಗಳು ಬೇಕು. ದಿನಕ್ಕೆ ಒಂದು ಗಂಟೆಯನ್ನಾದರೂ ಕೊಡಲಾಗದವರಿಗೆ ಇದು ಕಷ್ಟ, ಮತ್ತು ಒಂದೇ ಕೋಣೆಯ ಮನೆಯವರಿಗೆ ಸ್ನಾನದ ಮನೆಯನ್ನೋ ಎತ್ತರದ ಜಾಲರಿ ಅಡ್ಡವನ್ನೋ ಬಳಸಬೇಕಾಗುತ್ತದೆ.

ಆಸ್ಪತ್ರೆಯಿಂದ ಬಂದದ್ದಕ್ಕೆ ಗುರುತು ತಪ್ಪಿದ ಜಗಳವನ್ನು ತಡೆಯುವುದು ಸುಲಭವಿತ್ತು ಎಂಬುದು ನನಗೆ ತಡವಾಗಿ ತಿಳಿಯಿತು. ಬಂದ ಬೆಕ್ಕನ್ನು ಒಂದು ರಾತ್ರಿ ಬೇರೆ ಕೋಣೆಯಲ್ಲಿಟ್ಟು, ಮೈ ನೆಕ್ಕಿಕೊಂಡು ಮನೆಯ ವಾಸನೆ ಮರಳಿದ ಮೇಲೆ ಬಿಟ್ಟಿದ್ದರೆ ಸಾಕಿತ್ತು.

ಫೆರೊಮೋನ್, ಪುಡಿ, ಎಣ್ಣೆ

ಪ್ಲಗ್ಗಿಗೆ ಸಿಕ್ಕಿಸುವ ಡಿಫ್ಯೂಸರುಗಳಲ್ಲಿ ಎರಡು ಬಗೆ. ಒಂದು, ಬೆಕ್ಕಿನ ಕೆನ್ನೆಯ ಫೆರೊಮೋನಿನ ಎಫ್3 ಎಂಬ ಭಾಗದ ನಕಲು; ಒಟ್ಟಾರೆ ಆತಂಕಕ್ಕೆ, ಮೂತ್ರ ಸಿಂಪಡಿಸುವುದಕ್ಕೆ ಬಳಸುತ್ತಾರೆ. ಇನ್ನೊಂದು, ಹಾಲೂಡುವ ತಾಯಿಬೆಕ್ಕು ಹೊರಸೂಸುವ ಸಮಾಧಾನದ ಫೆರೊಮೋನಿನ ನಕಲು. ಬೆಕ್ಕು ಬೆಕ್ಕುಗಳ ನಡುವಿನ ಜಗಳಕ್ಕೆಂದೇ ಮಾಡಿದ್ದು. ಕೊಳ್ಳುವಾಗ ಯಾವುದು ಎಂದು ಓದಿ ಕೊಳ್ಳಿ. ಒಂದು ಡಿಫ್ಯೂಸರ್ ಸುಮಾರು 50ರಿಂದ 70 ಚದರ ಮೀಟರ್ ಜಾಗಕ್ಕೆ, ಒಂದು ಮರುಪೂರಣ ಸುಮಾರು 30 ದಿನಕ್ಕೆ. ಸೋಫಾದ ಹಿಂದೆ, ಪರದೆಯ ಮರೆಯಲ್ಲಿ ಸಿಕ್ಕಿಸಿದರೆ ದುಡ್ಡು ಗೋಡೆಗೆ ಸುರಿದಂತೆ.

ಫಲದ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಪುರಾವೆ ಮಿಶ್ರವಾಗಿದೆ. ಕೆಲವು ಮನೆಗಳಲ್ಲಿ ಬಿಗುವು ಸಡಿಲವಾಗುತ್ತದೆ, ಕೆಲವೆಡೆ ಏನೂ ಆಗುವುದಿಲ್ಲ. ಅಪಾಯವಿಲ್ಲ, ಶ್ರಮವಿಲ್ಲ, ಆದರೆ ತಿಂಗಳು ತಿಂಗಳೂ ಹಣ ಬೇಡುವ ವಸ್ತು, ಮತ್ತು ತಾನೊಂದೇ ನಿಂತು ಜಗಳದ ಬೇರನ್ನು ಕೀಳಲಾರದು. ಕೈಯಲ್ಲಿ ಹಣ ಬಿಗಿಯಾಗಿದ್ದರೆ ಮೊದಲು ಮೂರನೆಯ ಲಿಟರ್ ಬಾಕ್ಸ್ ತನ್ನಿ, ಡಿಫ್ಯೂಸರ್ ಆಮೇಲೆ. ಹಾಲಿನ ಪ್ರೋಟೀನಿನಿಂದ ತಯಾರಾದ ಆಲ್ಫಾ ಕ್ಯಾಸೋಜೆಪೀನ್, ಎಲ್ ಥಿಯಾನಿನ್ ಮುಂತಾದ ಪೂರಕಗಳಿಗೂ ಇದೇ ಮಾತು.

ಸುಗಂಧ ತೈಲಗಳನ್ನು ಮಾತ್ರ ದಯವಿಟ್ಟು ತರಬೇಡಿ. ಸಹಜವಾದದ್ದು ಎಂಬ ಕಾರಣಕ್ಕೆ ಅನೇಕರು ಹಚ್ಚಿಡುತ್ತಾರೆ. ಬೆಕ್ಕಿನ ಯಕೃತ್ತಿಗೆ ಇಂಥ ಹಲವು ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ಕಡಿಮೆ. ಟೀ ಟ್ರೀ ಎಣ್ಣೆ, ನಿಂಬೆಜಾತಿಯ ಎಣ್ಣೆಗಳು ಅದಕ್ಕೆ ವಿಷ.

ಮಾತ್ರೆ

ಮಾತ್ರೆ ಎಂದರೆ ಬೆಕ್ಕನ್ನು ಮಂಕಾಗಿಸುವುದು ಎಂಬ ಹೆದರಿಕೆ ನನಗೂ ಇತ್ತು. ಒಳ್ಳೆಯ ವೈದ್ಯರ ಉದ್ದೇಶ ಅದಲ್ಲ. ಹೆದರಿಕೆಯ ಮಟ್ಟ ಇಳಿಸಿ, ಕಲಿಯಲು ಅವಕಾಶ ಮಾಡಿಕೊಡುವುದು. ಬಾಗಿಲಿನಾಚೆಯ ಸದ್ದಿಗೇ ನಡುಗಿ ತಿನ್ನದ ಬೆಕ್ಕಿಗೆ ಮೇಲಿನ ಹೆಜ್ಜೆಗಳು ಕೆಲಸಕ್ಕೆ ಬರುವುದಿಲ್ಲ. ಆಗ ಮಾತ್ರೆ ದಯೆಯೇ ಹೌದು. ಫ್ಲುಯೊಕ್ಸೆಟಿನ್‌ನಂಥ ಔಷಧಿಯ ಪೂರ್ಣ ಫಲ ಕಾಣಲು ನಾಲ್ಕರಿಂದ ಆರು ವಾರ ಬೇಕು. ನಡುವೆ ತಟ್ಟನೆ ನಿಲ್ಲಿಸಬಾರದು. ಮೇಲೆ ಬೀಳುವುದಕ್ಕೆ ಒಂದು ಔಷಧಿ, ಹೆದರಿ ಅಡಗುವುದಕ್ಕೆ ಇನ್ನೊಂದು ಎಂದು ವೈದ್ಯರು ಬೇರೆ ಬೇರೆ ಆರಿಸುವುದೂ ಉಂಟು. ರಕ್ತಪರೀಕ್ಷೆ, ಮರುಭೇಟಿಗಳ ಖರ್ಚಿದೆ, ದಿನವೂ ಬೆಕ್ಕಿನ ಬಾಯಿಗೆ ಮಾತ್ರೆ ಹಾಕುವ ಕಷ್ಟವಿದೆ. ಮನೆಯಲ್ಲಿರುವ ಮನುಷ್ಯರ ಮಾತ್ರೆಯನ್ನು ಚೂರು ಮಾಡಿಯೂ ಕೊಡಬೇಡಿ. ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು.

ಪಾಳಿ, ಇಲ್ಲವೇ ಬೇರೆ ಮನೆ

ಕೆಲವು ಜೋಡಿಗಳು ಏನು ಮಾಡಿದರೂ ಕೂಡುವುದಿಲ್ಲ. ಬೆಳಗ್ಗೆ ಒಂದಕ್ಕೆ ನಡುಮನೆ, ಸಂಜೆ ಇನ್ನೊಂದಕ್ಕೆ, ಹೀಗೆ ಪಾಳಿಯಲ್ಲಿ ವರ್ಷಗಟ್ಟಲೆ ಬದುಕುವ ಮನೆಗಳಿವೆ. ಜಾಗ ಮತ್ತು ಬಾಗಿಲುಗಳಿದ್ದರೆ ಬೆಕ್ಕುಗಳು ಇದರಲ್ಲಿ ಚೆನ್ನಾಗಿಯೇ ಇರಬಲ್ಲವು, ದಣಿಯುವವರು ಮನುಷ್ಯರು. ಚಿಕ್ಕ ಮಕ್ಕಳಿರುವ, ಬಾಗಿಲು ಆಗಾಗ ತೆರೆದಿರುವ ಮನೆಗೆ ಇದನ್ನು ನಾನು ಹೇಳಲಾರೆ.

ಒಂದಕ್ಕೆ ಬೇರೆ ಮನೆ ಹುಡುಕುವುದನ್ನು ಎಲ್ಲರೂ ಸೋಲು ಎಂದು ನೋಡುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಕಪಾಟಿನ ಹಿಂದೆ ದಿನವಿಡೀ ಮುದುಡಿ ಕುಳಿತ ಬೆಕ್ಕಿಗೆ ತಾನೊಂದೇ ಇರುವ ಶಾಂತ ಮನೆ ಸಿಕ್ಕರೆ ಅದು ಅದರ ಭಾಗ್ಯ. ಆದರೆ ಇಲ್ಲಿಂದ ಹಿಂದಕ್ಕೆ ಬರಲಾಗದು. ಆದ್ದರಿಂದ ವೈದ್ಯಕೀಯ ತಪಾಸಣೆ, ಮನೆಯ ಮರುಜೋಡಣೆ, ಕನಿಷ್ಠ ಮೂರು ತಿಂಗಳ ಪ್ರಾಮಾಣಿಕ ಮರುಪರಿಚಯ, ಸಾಧ್ಯವಾದರೆ ಮಾತ್ರೆ, ಇಷ್ಟೂ ಆದ ಮೇಲೆ ಈ ಬಾಗಿಲು ತಟ್ಟಿ. ಬೀದಿಗೆ ಬಿಡುವುದು ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ನಿಮ್ಮ ಮನೆಗೆ ಯಾವುದು?

ಹೊಸ ಬೆಕ್ಕು ಇನ್ನೂ ಬಂದಿಲ್ಲ, ನಾಳೆ ಬರುತ್ತದೆ ಎಂದಾದರೆ ನೀವು ಅದೃಷ್ಟವಂತರು: ಕೋಣೆ ಈಗಲೇ ಸಿದ್ಧಮಾಡಿ, ಪರಿಚಯದ ಹೆಜ್ಜೆಗಳನ್ನು ಮೊದಲಿನಿಂದ ಹಿಡಿಯಿರಿ. ರಕ್ತ ಬರುವ ಕಾಳಗ ನಡೆದಿದ್ದರೆ ಇಂದೇ ಬೇರ್ಪಡಿಸಿ, ಮಿಕ್ಕದ್ದು ವೈದ್ಯರನ್ನು ಕಂಡ ಮೇಲೆ. ಸದ್ದಿಲ್ಲದೆ ಒಂದು ಇನ್ನೊಂದನ್ನು ಅಮುಕುತ್ತಿದ್ದರೆ ಪೂರ್ತಿ ಬೇರ್ಪಡಿಸುವ ಅಗತ್ಯ ಬೀಳಲಿಕ್ಕಿಲ್ಲ. ಬಟ್ಟಲು, ಲಿಟರ್, ಅಟ್ಟಣೆಗಳನ್ನು ಹಂಚಿ ಮೂರು ವಾರ ನೋಡಿ. ವಯಸ್ಸಾದ ಬೆಕ್ಕಿಗೆ ತುಂಟ ಮರಿಯ ಕಾಟವಾಗಿದ್ದರೆ ಮರಿಯನ್ನು ಆಡಿಸಿ ದಣಿಸುವುದು, ಹಿರಿಯದಕ್ಕೆ ಮರಿ ಬರಲಾಗದ ಜಾಗ ಕೊಡುವುದು ಬಹುತೇಕ ಸಾಕು. ಹಣವಿದೆ, ಸಮಯವಿಲ್ಲ ಎನ್ನುವವರು ಪಶುವೈದ್ಯರ ಮೂಲಕ ಬೆಕ್ಕಿನ ನಡವಳಿಕೆ ಬಲ್ಲವರನ್ನು ಹಿಡಿಯಿರಿ, ಡಿಫ್ಯೂಸರ್ ಜೊತೆಗಿರಲಿ. ಸಮಯವಿದೆ, ಹಣವಿಲ್ಲ ಎನ್ನುವವರಿಗೆ ರಟ್ಟಿನ ಪೆಟ್ಟಿಗೆ, ಹಳೆಯ ಟವೆಲು, ಮುಚ್ಚಿದ ಬಾಗಿಲು ಇವೇ ಸಾಕಷ್ಟು ದೂರ ಒಯ್ಯುತ್ತವೆ.

ಇಷ್ಟಾದರೂ ಮನಸ್ಸು ತೂಗಾಡುತ್ತಿದ್ದರೆ ಒಂದು ಪುಸ್ತಕ ಹಿಡಿದು ಹದಿನಾಲ್ಕು ದಿನ ಬರೆಯಿರಿ. ಯಾವ ಹೊತ್ತು, ಯಾವ ಜಾಗ, ಯಾರು ಮೊದಲು ದಿಟ್ಟಿಸಿದರು, ಅದಕ್ಕೆ ಮುಂಚೆ ಏನಾಯಿತು, ಹೇಗೆ ಮುಗಿಯಿತು. ನಮ್ಮ ಪುಸ್ತಕದಲ್ಲಿ ಮೊದಲ ಒಂಬತ್ತು ಘಟನೆಗಳ ಪೈಕಿ ಆರು ನಡೆದದ್ದು ಒಂದೇ ಜಾಗದಲ್ಲಿ, ಅಡುಗೆಮನೆಯ ಬಾಗಿಲಲ್ಲಿ, ಸಂಜೆಯ ಊಟಕ್ಕೆ ಸ್ವಲ್ಪ ಮೊದಲು. ಬೆಳ್ಳಿಯ ಬಟ್ಟಲನ್ನು ಮಲಗುವ ಕೋಣೆಗೆ ಒಯ್ದ ವಾರ ಆ ಆರು ಒಂದಕ್ಕೆ ಇಳಿಯಿತು. ಹನ್ನೊಂದನೆಯ ವಾರದ ಕೊನೆಯಲ್ಲಿ ಬರೆದದ್ದು ಒಂದೇ ಸಾಲು: ಮಧ್ಯಾಹ್ನ, ಕಿಟಕಿಯ ಬಿಸಿಲು, ಬೆಳ್ಳಿ ಈ ತುದಿಯಲ್ಲಿ, ಚುಕ್ಕಿ ಆ ತುದಿಯಲ್ಲಿ, ನಡುವೆ ಎರಡು ಮೊಳ, ಎರಡಕ್ಕೂ ನಿದ್ದೆ.